ಪಿತೃಗಳಿಗೆ ಗೊತ್ತಿಲ್ಲದ ಆಲೂಗೆಡ್ಡೆ

ತುಪ್ಪದಲ್ಲಿ ಕರಿಮೆಣಸು ಹುರಿಯುವ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನಾಳೆ ಪರೀಕ್ಷೆ, ಏನೂ ಓದಿಲ್ಲ ಅನ್ನಿಸಿಬಿಡುತ್ತದೆ. ನಗಬೇಡಿ, ಪರೀಕ್ಷೆಯ ವಯಸ್ಸು ದಾಟಿ ಎಷ್ಟೋ ಕಾಲವಾಯಿತು. ಬೆಳಿಗ್ಗೆ ತಮ್ಮನ ಮನೆಯಲ್ಲಿ ಹಾಗೇ ಆಯಿತು. ಇವತ್ತು ನಮ್ಮ ಸೋದರತ್ತೆಯ ತಿಥಿ.

ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಇಂಟರ್‌ಮೀಡಿಯೆಟ್ಟಿನ ಪ್ರಪಂಚ ಇತಿಹಾಸದಲ್ಲಿ ನಾನು ಒಮ್ಮೆ ಡುಮ್ಕಿ ಹೊಡೆದಿದ್ದೆ. "ಈ ಸಲವೂ ಹೋದ್ರೆ ಓದು ಸಾಕು ಕಣಮ್ಮ, ಗಂಡು ನೋಡ್ತೀನಿ," ಎಂದು ಅಪ್ಪ ಮೆತ್ತಗೆ ಹೇಳಿದ್ದರು. ಅವರು ಮೆತ್ತಗೆ ಹೇಳಿದ್ದು ನಡೆದೇ ತೀರುತ್ತಿತ್ತು. ಪರೀಕ್ಷೆಯ ಹಿಂದಿನ ದಿನವೇ ತಾತನ ತಿಥಿ. ಪುಸ್ತಕ ಹಿಡಿದು ಹಜಾರಕ್ಕೂ ಹಿತ್ತಿಲಿಗೂ ತಿರುಗುತ್ತಿದ್ದೆ. ಹಜಾರದಲ್ಲಿ ಕಲ್ಲಿಕೋಟೆಗೆ ಬಂದ ಪೋರ್ಚುಗೀಸರ ಹಡಗು ಹಿತ್ತಿಲು ಸೇರುವಷ್ಟರಲ್ಲಿ ಮುಳುಗಿರುತ್ತಿತ್ತು.

ಅಡುಗೆಮನೆಯಲ್ಲಿ ಅತ್ತೆ ತುಪ್ಪದಲ್ಲಿ ಕರಿಮೆಣಸು ಹುರಿದಿಟ್ಟು ಬಾಳೆಕಾಯಿ ಹೆಚ್ಚುತ್ತಿದ್ದರು. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದು ನಮ್ಮನ್ನು ಸಾಕಿದವರು. ಆಲೂಗೆಡ್ಡೆ ಪಲ್ಯವೆಂದರೆ ಅವರಿಗೆ ಪ್ರಾಣ. ಬಾಣಲೆ ಕೆರೆದು ತಿನ್ನುವಷ್ಟು.

"ಮಡೀಲಿದೀನಿ ಕಣೇ, ಹೊಸಿಲು ದಾಟಬೇಡ. ಗಾಣದೆತ್ತಿನ ಹಾಗೆ ಯಾಕೆ ಸುತ್ತುತೀಯ?"

"ತಲೆಗೆ ಹತ್ತುತಿಲ್ಲ ಅತ್ತೆ. ಅದಿರಲಿ, ಇವತ್ತು ಆಲೂಗೆಡ್ಡೆ ಇಲ್ವಾ?"

"ತಿಥಿಗೆ ಆಗಲ್ಲ. ಮೆಣಸಿನಕಾಯೀನೂ ಇಲ್ಲ, ಟೊಮ್ಯಾಟೋನೂ ಇಲ್ಲ."

"ಯಾಕೆ?"

"ಪಿತೃಗಳಿಗೆ ಅದೆಲ್ಲ ಏನು ಗೊತ್ತು? ತಿಂದವರೇ ಅಲ್ಲ. ಗೊತ್ತಿಲ್ಲದ್ದು ಬಡಿಸಿದ್ರೆ ಎಲೆ ಮುಂದೆ ಪೆಚ್ಚಾಗಿ ಕೂರ್ತಾರೆ, ಪಾಪ."

ಅವರ ಪಾಲಿಗೆ ಮಾತು ಅಲ್ಲಿಗೆ ಮುಗಿಯಿತು. ನನ್ನ ಕಾಲು ಮಾತ್ರ ನಿಂತುಬಿಟ್ಟಿತು. ಕೈಯಲ್ಲಿದ್ದ ಪುಸ್ತಕದಲ್ಲಿ ಅದೇ ಆಲೂಗೆಡ್ಡೆ, ಅದೇ ಮೆಣಸಿನಕಾಯಿ ಅಮೆರಿಕದಿಂದ ಹಡಗು ಹತ್ತಿ ಹೊರಟಿದ್ದವು. ನಮ್ಮ ಕರಿಮೆಣಸು ಹುಡುಕಿಕೊಂಡು ಬಂದವರು ಮೆಣಸಿನಕಾಯಿ ಕೊಟ್ಟುಹೋಗಿದ್ದರು. ಆ ಹಡಗು ಬರುವ ಮುಂಚೆ ನಮ್ಮವರು ಉಂಡ ಊಟ, ವರ್ಷಕ್ಕೊಮ್ಮೆ ನಮ್ಮ ಒಲೆಯ ಮೇಲೆ ಬೇಯುತ್ತಿತ್ತು.

ಮರುದಿನ ಪರೀಕ್ಷೆಯಲ್ಲಿ ಹೊಸ ಸಮುದ್ರಮಾರ್ಗಗಳ ಪರಿಣಾಮವನ್ನು ಕೇಳಿದ್ದರು. ಇಸವಿಗಳು ಕೈಕೊಟ್ಟಿದ್ದವು, ತಿಥಿಯ ಅಡುಗೆಯನ್ನೇ ಬರೆದು ಬಂದೆ. ಫಲಿತಾಂಶ ಬರುವವರೆಗೆ ಹಜಾರದ ನೆಲ ಸವೆಸಿದೆ. ಪಾಸಾದೆ, ಅಂಚಿನಲ್ಲಿ. ಅಪ್ಪ ಗಂಡಿನ ಮಾತು ಎತ್ತಲಿಲ್ಲ. ಅತ್ತೆ ಅಂದು ನನಗೆಂದು ಆಲೂಗೆಡ್ಡೆ ಪಲ್ಯ ಮಾಡಿ, ನನಗಿಂತ ಹೆಚ್ಚು ತಾವೇ ತಿಂದರು.

ಇವತ್ತು ತಮ್ಮನ ಹೆಂಡತಿ ಅದೇ ಬಾಳೆಕಾಯಿ ಹೆಚ್ಚುತ್ತಿದ್ದಳು. ಹೊಸಿಲ ಬಳಿ ನಾನು ಸುಮ್ಮನೆ ಸುಳಿದಾಡಿದೆ. ಕಡೆಗೆ ಸ್ನಾನ ಮಾಡಿ, ಮಡಿಯುಟ್ಟು ಒಳಗೆ ಹೋಗಿ ಆಲೂಗೆಡ್ಡೆ ತೊಳೆಯತೊಡಗಿದೆ.

"ಅಕ್ಕಾ, ತಿಥಿಗೆ ಅದು ಆಗಲ್ವಲ್ಲ," ಎಂದಳು ಗಾಬರಿಯಿಂದ.

"ಗೊತ್ತಿಲ್ಲದವರಿಗೆ ಆಗಲ್ಲ ಕಣಮ್ಮ," ಎಂದೆ. "ನಮ್ಮತ್ತೆ ಎಷ್ಟು ವರ್ಷದಿಂದ ಎಲೆ ಮುಂದೆ ಪೆಚ್ಚಾಗಿ ಕೂತಿದ್ದಾರೋ. ಬಾಣಲೆ ಇಡು."