ಅರ್ಗಾದಲ್ಲಿ ನನ್ನನ್ನು ಇಳಿಸಿದ ಮಾಸ್ತರರು

ಅಂಕೋಲೆಯಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಮಾಸ್ತರರ ಬಳಿ ಮೊದಮೊದಲು ಬಂದ ಪುಟ್ಟ ಎಲೆಕ್ಟ್ರಿಕ್ ಕಾರೊಂದಿತ್ತು. ಬ್ಯಾಟರಿ ಹಳತಾದಂತೆ ಅದು ಓಡುವ ದೂರ ಕುಗ್ಗುತ್ತಿತ್ತು. ಎಷ್ಟು ಕುಗ್ಗಿತೆಂದು ಅವರು ದಿನವೂ ಡೈರಿಯಲ್ಲಿ ಬರೆಯುತ್ತಿದ್ದರು. ಮಾರಿಬಿಡಿ ಎಂದವರಿಗೆಲ್ಲ, "ಇನ್ನೂ ಓಡ್ತದೆ ಮಾರಾಯಾ" ಎನ್ನುತ್ತಿದ್ದರು.

ವಾರಕ್ಕೆರಡು ಸಲ ನನ್ನ ತಾಯಿಯನ್ನು ಡಯಾಲಿಸಿಸ್‌ಗೆಂದು ಅದರಲ್ಲೇ ಕಾರವಾರಕ್ಕೆ ಕರೆದೊಯ್ಯುತ್ತಿದ್ದರು. ಒಂದು ಬೆಳಿಗ್ಗೆ ನಾನೂ ಜೊತೆಗಿದ್ದೆ. ಕಾರವಾರಕ್ಕೆ ಸ್ವಲ್ಪ ಮುಂಚೆ ಸಿಗುವ ಅರ್ಗಾದ ಹತ್ತಿರ ಬ್ಯಾಟರಿ ಮೀಟರ್ ನೋಡಿ ಕಾರು ನಿಲ್ಲಿಸಿದರು.

"ತಮಾ, ನೀ ಇಳಿ. ಮುಂದೆ ಏರು ಅದೆ. ಭಾರ ಕಮ್ಮಿಯಾದ್ರೆ ಅಕ್ಕ ಆಸ್ಪತ್ರೆ ಮುಟ್ತಾಳೆ." ನನ್ನ ತಾಯಿಯನ್ನು ಅವರು ಅಕ್ಕ ಎಂದೇ ಕರೆಯುತ್ತಿದ್ದರು.

ನಾನು ಬಸ್ಸು ಹಿಡಿದು ಆಸ್ಪತ್ರೆ ತಲುಪುವಷ್ಟರಲ್ಲಿ ತಾಯಿಗೆ ಡಯಾಲಿಸಿಸ್ ಶುರುವಾಗಿತ್ತು. ಹೊರಗೆ ಮಾಸ್ತರರು ವಾಚ್‌ಮನ್ ಕೋಣೆಯಿಂದ ವೈರ್ ಎಳೆದು ಕಾರನ್ನು ಚಾರ್ಜಿಗೆ ಹಾಕಿದ್ದರು. ನನ್ನನ್ನು ಕಂಡು ನಕ್ಕರು.

"ನಾಲ್ಕು ತಾಸಿಗೆ ಇಬ್ರೂ ತಯಾರಾಗ್ತಾರೆ. ವಾಪಸ್ ಹೋಗೂವಾಗ ನೀನೂ ಕೂತ್ಕ."