ಗುಲಾಬಿಯಕ್ಕನ ಒಂದು ಅಟ್ಟೆ ಮಲ್ಲಿಗೆ

ಗುಲಾಬಿಯಕ್ಕ ಎಕ್ಸ್‌ರೇ ಕೋಣೆಗೆ ಬರುವ ಮೊದಲೇ ಮಲ್ಲಿಗೆಯ ಪರಿಮಳ ಬರುತ್ತಿತ್ತು, ಅದರ ಹಿಂದೆಯೇ ಮೀನಿನ ವಾಸನೆ. ಕಾಪುವಿನ ಮಾರ್ಕೆಟಿನಲ್ಲಿ ಮೀನು ಮಾರುವವರು. ಬೇರೆಯವರು ಒಂದು ಚೆಂಡು ಹೂ ಮುಡಿದರೆ ಇವರಿಗೆ ದಿನವೂ ನಾಲ್ಕು ಚೆಂಡು, ಪೂರ್ತಿ ಒಂದು ಅಟ್ಟೆ. ಎರಡೂ ಕಿವಿ ಮುಚ್ಚುವಷ್ಟು.

ತೊಂಬತ್ತರ ದಶಕದ ಕೊನೆ. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಅವರ ಬಲಗೈಯ ತೋರುಬೆರಳು ಬಾಳೆಹಣ್ಣಿನಂತೆ ಊದಿತ್ತು. ಮೀನು ಕತ್ತರಿಸಲು ಆಗುತ್ತಿರಲಿಲ್ಲ. ಯೂರಿಕ್ ಆಸಿಡ್ ಇರಬಹುದು, ಬೂತಾಯಿ ಮೀನು ತಿನ್ನಬೇಡಿ ಎಂದು ಊರಿನ ಡಾಕ್ಟರು ಹೇಳಿದ್ದರಂತೆ.

“ಎರಡು ವರ್ಷ ಆಯ್ತು ಡಾಕ್ಟ್ರೆ. ಮಾರುವುದು ಬೂತಾಯಿ, ಮನೆಗೆ ಹೋಗಿ ತಿನ್ನುವುದು ತೊಂಡೆಕಾಯಿ! ಇದೊಂದು ಬದುಕಾ?”

ನಾನು ಡಾಕ್ಟರಲ್ಲ ಎಂದರೆ ಕೇಳುವ ಜೀವ ಅದಲ್ಲ.

ಫಿಲ್ಮ್ ನೋಡಿದ ದೊಡ್ಡ ಡಾಕ್ಟರು ಹುಬ್ಬೇರಿಸಿದರು. ಬೆರಳ ತುದಿಯ ಗಂಟಿನಲ್ಲಿ ಒಂದು ಎಲುಬು ಕೆತ್ತಿದ ಪೆನ್ಸಿಲಿನಂತೆ ಚೂಪಾಗಿ, ಮುಂದಿನ ಎಲುಬಿನ ಕುಳಿಯೊಳಗೆ ಕೂತಿತ್ತು. “ಸೋರಿಯಾಸಿಸ್ ಇದ್ದವರಿಗೆ ಬರುವ ಸಂಧಿವಾತದ ಹಾಗೆ ಕಾಣ್ತದೆ. ಚರ್ಮದಲ್ಲಿ ಎಂತಾದರೂ ಉಂಟಾ ಅಕ್ಕ?”

“ನನ್ನ ಚರ್ಮಕ್ಕೆ ಎಂತ ಧಾಡಿ?” ಎಂದು ಗುಲಾಬಿಯಕ್ಕ ಸಿಡುಕಿದರು. ಈ ವಾತ ಕುತ್ತಿಗೆಯ ಎಲುಬಿಗೂ ಹಿಡಿಯುವುದುಂಟು ಎಂದು ಡಾಕ್ಟರು ಕುತ್ತಿಗೆಯ ಎಕ್ಸ್‌ರೇಯನ್ನೂ ಬರೆದರು.

“ಹೂ, ಪಿನ್ನು ಎಲ್ಲ ತೆಗೀರಿ ಅಕ್ಕ,” ಎಂದೆ.

“ನೋವು ಕೈಗೆ. ತಲೆಯ ತಂಟೆ ನಿಮಗೆಂತಕ್ಕೆ ಮಾರಾಯ್ರೆ?”

“ಪಿನ್ನು ಫಿಲ್ಮಿನಲ್ಲಿ ಅಡ್ಡ ಬರ್ತದೆ.”

ಕೊನೆಗೆ ಬಾಗಿಲು ಹಾಕಿಸಿ ಹೂ ಬಿಚ್ಚಿದರು. ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಕೆಂಪು ಕಲೆ, ಮೇಲೆ ಬಿಳಿ ಹೊಟ್ಟು. ಅಷ್ಟು ಹೊತ್ತು ಜೋರು ಮಾಡುತ್ತಿದ್ದವರ ದನಿ ಇಳಿಯಿತು.

“ಕಾಪುವಿನಲ್ಲಿ ಯಾರಿಗೂ ಗೊತ್ತಾಗಬಾರದು. ಅಂಟುರೋಗ ಅಂದರೆ ನನ್ನ ಮೀನು ಯಾರು ತೆಗೆದುಕೊಳ್ತಾರೆ?”

ಅಯ್ಯೋ ಪಾಪ ಅನಿಸಿತು ನನಗೆ. ವಿಷಯ ತಿಳಿದ ದೊಡ್ಡ ಡಾಕ್ಟರು ಬೇರೆ ಮದ್ದು ಬರೆದು ಎರಡು ಮಾತು ಹೇಳಿದರು. ಇದು ಅಂಟುವುದಿಲ್ಲ, ಬೂತಾಯಿ ತಿನ್ನಬಹುದು. ಗುಲಾಬಿಯಕ್ಕ ಅತ್ತದ್ದು ಎರಡನೆಯದಕ್ಕೆ.

ಅವರನ್ನು ಕೊನೆಯ ಸಲ ಕಂಡದ್ದು ಕೆಲವು ವರ್ಷಗಳ ನಂತರ, ಕಾಪು ಮಾರ್ಕೆಟಿನಲ್ಲಿ. ತಲೆಯಲ್ಲಿ ಒಂದೇ ಚೆಂಡು ಹೂ. ಕಿವಿಯ ಹಿಂದಿನ ಕಲೆ ಬಿಸಿಲಿಗೆ ಕಾಣುತ್ತಿತ್ತು. ಬೆರಳು ಸ್ವಲ್ಪ ಡೊಂಕು, ಆದರೆ ಕತ್ತಿ ಸರಾಗ. ಕೊಡೆಯ ಕೋಲಿಗೆ ನಾನು ತೆಗೆದ ಅದೇ ಬೆರಳಿನ ಎಕ್ಸ್‌ರೇ ಕಟ್ಟಿದ್ದರು! ಕಲೆ ನೋಡಿ ಹಿಂದೆ ಸರಿದ ಗಿರಾಕಿಗೆ ಬೊಬ್ಬೆ ಹಾಕುತ್ತಿದ್ದರು.

“ಅಂಟುವುದಿಲ್ಲ ಮಾರಾಯ್ತಿ! ಮಣಿಪಾಲದ ಫೋಟೊ ಉಂಟು, ನೋಡು. ಇಗೊ, ಫೋಟೊ ತೆಗೆದ ಡಾಕ್ಟ್ರೇ ಬಂದರು, ಕೇಳು!”

ನಾನು ಡಾಕ್ಟರಲ್ಲ ಎನ್ನಲು ಬಾಯಿ ತೆರೆದವನು, “ಅಂಟುವುದಿಲ್ಲ,” ಎಂದೆ. ಗಿರಾಕಿ ಇಪ್ಪತ್ತು ಬೂತಾಯಿ ತೆಗೆದುಕೊಂಡಳು.

ಈಗ ಗುಲಾಬಿಯಕ್ಕ ಇಲ್ಲ. ಕುತ್ತಿಗೆಯ ಎಕ್ಸ್‌ರೇಗೆ ಬಂದವರು ಹೂ ತೆಗೆಯಲು ಹಿಂಜರಿದರೆ, ನಾನು ಬಾಗಿಲು ಹಾಕಿ ಕಾಯುತ್ತೇನೆ.