ರುಚಿ ಎಂದು ಬರೆದುಕೊಂಡರು

ಕಳೆದ ವರ್ಷ ಕೆಲವು ತಿಂಗಳು ನಾನು ಸರ್ವೆ ಕೆಲಸ ಮಾಡಿದೆ. ಜನ ಯಾವ ತಿಂಡಿ ಕೊಳ್ಳುತ್ತಾರೆ, ಯಾಕೆ ಅದನ್ನೇ ಕೊಳ್ಳುತ್ತಾರೆ ಎಂದು ಅಂಗಡಿಗಳ ಮುಂದೆ ನಿಂತು ಕೇಳಬೇಕು, ಉತ್ತರವನ್ನು ಮೊಬೈಲಿನಲ್ಲಿ ತುಂಬಬೇಕು. ಬಿಸ್ಕತ್ತು ಮಾಡುವ ಕಂಪನಿಯೊಂದಕ್ಕಾಗಿ ನನ್ನನ್ನು ಫ್ಯಾಕ್ಟರಿಗಳೇ ತುಂಬಿರುವ ಬಾಶೆಟ್ಟಿಹಳ್ಳಿಗೆ ಹಾಕಿದ್ದರು.

ಬೆಳಗಿನ ಪಾಳಿಗೆ ಹೊರಟಿದ್ದ ಹೆಂಗಸೊಬ್ಬರು ಬಂದು ಕ್ರೀಮ್ ಬಿಸ್ಕತ್ತು ಕೊಂಡರು. ಹೆಚ್ಚುಕಮ್ಮಿ ನನ್ನ ಅಮ್ಮನ ವಯಸ್ಸು.

"ಇದನ್ನೇ ಯಾಕೆ ತಗೋತೀರಾ ಅಕ್ಕಾ? ಇಷ್ಟಾನಾ?"

"ಇಷ್ಟ ಏನ್ ಬಂತಮ್ಮಾ, ಸಿಹಿಗೆ ಹಲ್ಲೆಲ್ಲಾ ಜುಮ್ಮನ್ನುತ್ತೆ. ನಮ್ ಫ್ಯಾಕ್ಟ್ರಿ ನಲ್ಲೀಲಿ ನೀರೇ ಬರಲ್ಲ. ತಂದಿರೋ ಬಾಟ್ಲು ನೀರು ಕುಡಿಯೋಕೇ ಸಾಲಲ್ಲ. ಕೈಯೆಲ್ಲಾ ಗ್ರೀಸು. ಆ ಕೈಲಿ ಅನ್ನ ಕಲಸ್ಕೊಂಡು ಉಣ್ಣಕ್ಕಾಗುತ್ತಾ? ಇದಾದ್ರೆ ಪ್ಯಾಕೆಟ್ ಹಿಡ್ಕೊಂಡು ಹಂಗೇ ಬಾಯಿಗೆ ಹಾಕ್ಕೋಬೋದು."

ಮೊಬೈಲಿನಲ್ಲಿ ಒತ್ತಲು ಇದ್ದ ಉತ್ತರಗಳು ರುಚಿ, ಬೆಲೆ, ಜಾಹೀರಾತು, ಮಕ್ಕಳ ಹಟ. ಅವರ ಮಾತಿಗೆ ಜಾಗವಿರಲಿಲ್ಲ. ಸಂಜೆ ಕಚೇರಿಗೆ ಹೋಗಿ ನಮ್ಮ ಸೂಪರ್‌ವೈಸರನ್ನು ಕೇಳಿದೆ.

"ರುಚಿ ಅಂತ ಹಾಕಮ್ಮಾ."

"ರುಚಿ ಅಲ್ಲ ಅಂತ ಅವರೇ ಹೇಳಿದ್ರು ಸಾರ್. ಕೈ ತೊಳೆಯೋಕೆ ನೀರಿಲ್ಲ."

"ಬಿಸ್ಕೆಟ್ ಕಂಪ್ನಿಯವ್ರು ನಲ್ಲಿ ನೀರು ಕಟ್ಕೊಂಡು ಏನ್ ಮಾಡ್ತಾರೆ? ಕೊಡಿಲ್ಲಿ."

ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ತಾವೇ ರುಚಿಯನ್ನು ಒತ್ತಿದರು. ಮಧ್ಯಾಹ್ನದ ಊಟಕ್ಕೇ ಕಲ್ಲು ಬಿದ್ದ ಹೆಂಗಸನ್ನು ಸಿಹಿಗೆ ಬಾಯಿ ಬಿಡುವವಳನ್ನಾಗಿ ಮಾಡಿಬಿಟ್ಟಿದ್ದರು.

"ಕೇಳಿದೋಳು ನಾನು, ಹೇಳಿದೋರು ಅವರು. ಮಧ್ಯದಲ್ಲಿ ನೀವ್ಯಾರು ಸಾರ್?" ಎಂದೆ. ಕೊರಳಲ್ಲಿದ್ದ ಗುರುತಿನ ಚೀಟಿ ಬಿಚ್ಚಿ ಅವರ ಮೇಜಿನ ಮೇಲೆ ಎಸೆದು ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ.

"ಸಿಕ್ಕಿರೋ ಕೆಲಸಾನೂ ಕಳ್ಕೊಂಡು ಬಂದ್ಯಾ?" ಎಂದು ಅಪ್ಪ ಬೈದರು.

ಸಿಟ್ಟು ಮಾತ್ರ ಇಳಿಯಲಿಲ್ಲ. ಸ್ವಲ್ಪ ದಿನದಲ್ಲಿ ದೇವನಹಳ್ಳಿಯಲ್ಲಿ ನೆಂಟರ ಮದುವೆ. ಊಟಕ್ಕೆ ಕೂತಾಗ ನಾನು ಕೆಲಸ ಬಿಟ್ಟ ಮಾತು ಬಂತು. ಪಕ್ಕದ ಎಲೆಯಲ್ಲಿದ್ದ ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಫ್ಯಾಕ್ಟ್ರಿ ಹೆಂಗಸ್ರಿಗೆ ಒಲೆ ಹಚ್ಚೋಕೆ ಸೋಮಾರಿತನ ಕಣ್ರೀ. ಬಿಸ್ಕೆಟ್ ತಿನ್ಕೊಂಡು ಷೋಕಿ ಮಾಡ್ತಾವೆ."

"ನೀವೂ ಒಂದಿನ ಕೈಗೆ ಗ್ರೀಸ್ ಬಳ್ಕೊಂಡು, ತೊಳೀದೆ ಊಟ ಮಾಡಿ ದೊಡ್ಡಪ್ಪ. ಆಮೇಲೆ ಷೋಕಿ ಮಾತಾಡಿ."

ಅಮ್ಮ ನನ್ನ ತೊಡೆ ಚಿವುಟಿದಳು. "ಹೆಣ್ಮಗೂಗೆ ಇಷ್ಟು ಬಾಯಿ ಇರ್ಬಾರ್ದು" ಎಂದು ದೊಡ್ಡಪ್ಪ ಎಲೆ ಮಡಿಚಿ ಎದ್ದರು. ನಾನು ಕೂತೇ ಇದ್ದೆ. ಪೂರ್ತಿ ಊಟ ಮಾಡಿದೆ.

ಹೋಗಿ ದೊಡ್ಡಪ್ಪನ ಕ್ಷಮೆ ಕೇಳು ಎಂದು ಅಮ್ಮ ಈಗಲೂ ಗೋಗರೆಯುತ್ತಾಳೆ. ಕೇಳಿಲ್ಲ. ಕೇಳುವುದೂ ಇಲ್ಲ.